ನೀಲಿ ಬಳಪ

ಮಧ್ಯರಾತ್ರಿ ದಾಟಿದ ಮೇಲೆ ಅಡುಗೆಮನೆಯಲ್ಲಿ ಚರಕ್ಕೆಂದು ಏನೋ ಹರಿದ ಸದ್ದಾಯಿತು. ಮಲಗಿದ್ದಲ್ಲೇ ಅವಳು ಕಣ್ಣು ಬಿಟ್ಟಳು. ಸುರುಳಿಯಿಂದ ಪ್ಲಾಸ್ಟಿಕ್ ಹಾಳೆ ಎಳೆದು ಹರಿಯುವ ಸದ್ದು ಅದು. ಉಳಿದ ಬ್ರೆಡ್ಡಿಗೆ, ಕತ್ತರಿಸಿಟ್ಟ ಈರುಳ್ಳಿಗೆ ಸುತ್ತುವ ತೆಳು ಹಾಳೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ. ಅರ್ಧ ಈರುಳ್ಳಿಗೆ ಮೂರು ಹಾಳೆ ಯಾರು ಸುತ್ತುತ್ತಾರೆ? ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಹಗಲೆಲ್ಲ ಲಿಫ್ಟುಗಳ ಬಾವಿಯಲ್ಲಿ ನೇತಾಡಿ ರಿಪೇರಿ ಮಾಡುವವನು, ರಾತ್ರಿ ಮನೆಯೇ ಕುಸಿದರೂ ಏಳುವವನಲ್ಲ. ಅವಳೇ ಎದ್ದಳು.

ಅಡುಗೆಮನೆಯ ಸಿಂಕಿನ ಮುಂದೆ ಮಗಳು ನಿಂತಿದ್ದಳು. ಎಡ ತೋಳು ಬರಿದಾಗಿತ್ತು. ಸೊಪ್ಪು ತೊಳೆಯುವ ಬೋಗುಣಿಯಲ್ಲಿ ನೀರು ಕಪ್ಪು ಕೆಂಪಾಗಿ ನಿಂತಿತ್ತು.

"ಏನೇ ಅದು?"

"ಏನಿಲ್ಲಮ್ಮ. ನೀನು ಮಲ್ಕೋ ಹೋಗು."

"ಬೇಕರೀಲಿ ಸುಟ್ಕೊಂಡ್ಯಾ? ತೋರ್ಸು ಇಲ್ಲಿ."

"ಸುಟ್ಕೊಂಡಿಲ್ಲ. ಹಚ್ಚೆ ಹಾಕಿಸ್ಕೊಂಡೆ."

ಅವಳು ದೀಪದ ಹತ್ತಿರ ಹೋದಳು. ಭುಜದಿಂದ ಕೆಳಕ್ಕೆ ಒಂದು ಗೇಣು ಉದ್ದ ಚರ್ಮ ಕೆಂಪಗೆ ಉಬ್ಬಿತ್ತು. ಅದರ ಮೇಲೆ ಕಪ್ಪು ಗೆರೆಗಳು, ಒಂದು ದೊಡ್ಡ ಗಾಲಿ, ಗಾಲಿಯಿಂದ ಇಳಿಬಿದ್ದ ಹಗ್ಗಗಳು. ಗೆರೆಗಳ ಮೇಲೆಲ್ಲ ನೀರಿನಂಥದ್ದು ಹನಿಹನಿಯಾಗಿ ಒಸರಿ, ಮಸಿಯ ಜೊತೆ ಬೆರೆತು, ಮೊಣಕೈ ತನಕ ಸಣ್ಣ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಮತ್ತೆ ಆ ವಾಸನೆ. ಹಸಿ ಚರ್ಮದ, ಉಪ್ಪು ರಕ್ತದ ವಾಸನೆ. ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವಳು ತೊಗಲು ಹದ ಮಾಡುವ ಕಾರ್ಖಾನೆಯಲ್ಲಿದ್ದಳು. ಪ್ರತಿ ಸಂಜೆ ಗೇಟಿನ ಪಕ್ಕದ ನಲ್ಲಿಯಲ್ಲಿ ಮೂರು ಸಲ ಸೋಪು ಹಾಕಿ ಕೈ ತಿಕ್ಕಿ, ಆ ವಾಸನೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದಳು. ಅದು ಇವತ್ತು ಬೇರೆ ದಾರಿಯಿಂದ ಮನೆಯೊಳಗೆ ಬಂದಿತ್ತು.

ಅವಳು ಮೂಗು ಮುಚ್ಚಿಕೊಂಡಳು. ಬೋಗುಣಿಯನ್ನು ಎರಡು ಬೆರಳಲ್ಲಿ ಎತ್ತಿ ನೀರು ಚೆಲ್ಲಿದಳು.

"ಸೊಪ್ಪು ತೊಳೆಯೋ ಬೋಗುಣೀಲಿ! ನಾಳೆ ಇದರಲ್ಲಿ ನಾನು ಏನು ತೊಳೀಲಿ?"

"ಬೇರೆ ಇರ್ಲಿಲ್ಲಮ್ಮ."

"ಮುಗೀತಾ? ಇಷ್ಟೇನಾ?"

ಮಗಳು ತೋಳಿಗೆ ಹಾಳೆ ಸುತ್ತಿಕೊಳ್ಳುತ್ತ ಹೇಳಿದಳು. "ಇದು ಮೊದಲನೇ ಕಂತು. ಒಟ್ಟು ನಾಲ್ಕು. ಭುಜದಿಂದ ಮಣಿಕಟ್ಟಿನ ತನಕ. ಒಂದೇ ಸಲ ಹಾಕಿದ್ರೆ ಮೈ ತಡ್ಕೊಳಲ್ಲ. ಮೂರು ಮೂರು ವಾರಕ್ಕೆ ಒಂದು."

"ಕಂತಲ್ಲಿ ಫ್ರಿಜ್ ತಗೋತಾರೆ ಕಣೆ, ಗಾಯ ಅಲ್ಲ."

ಮಗಳಿಗೆ ನಗು ಬಂತು. ಅವಳಿಗೆ ಬರಲಿಲ್ಲ.

*

ಬೆಳಿಗ್ಗೆ ತಿಂಡಿಯ ಹೊತ್ತಿಗೆ ವಿಷಯ ಮನೆಗೆಲ್ಲ ಗೊತ್ತಾಯಿತು. ಅತ್ತೆ ಕನ್ನಡಕ ತರಿಸಿಕೊಂಡರು. ಎಪ್ಪತ್ತೆಂಟು ವರ್ಷದ ಮುದುಕಿ, ಮೊಮ್ಮಗಳ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಾತ್ರೆ ಅಂಗಡಿಯಲ್ಲಿ ಚೊಂಬು ತಿರುಗಿಸಿ ನೋಡುವಂತೆ ನೋಡಿದರು.

"ಈ ಚಕ್ರ ಏನೇ? ಸೈಕಲ್ಲಾ?"

"ಅಲ್ಲ ಅಜ್ಜಿ. ಅಪ್ಪನ ಲಿಫ್ಟಿನ ಗಾಲಿ. ಮೇಲ್ಗಡೆ ಮೋಟಾರು ರೂಮಲ್ಲಿರುತ್ತಲ್ಲ, ಅದು. ಈ ಹಗ್ಗಗಳು ಕೈಪೂರ್ತಿ ಕೆಳಗೆ ಹೋಗ್ತವೆ."

ಗಂಡ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದವನು ತಲೆಯೆತ್ತಿದ. ಅವನ ಮುಖದಲ್ಲಿ ಬಂದ ಹಿಗ್ಗನ್ನು ಕಂಡು ಅವಳಿಗೆ ಸಿಟ್ಟೇ ಬಂತು.

"ಹಗ್ಗ ಆರು ಇರ್ಬೇಕು, ಐದು ಹಾಕಿದಾನೆ," ಅಂದ ಅವನು.

"ರೀ! ಹಗ್ಗ ಎಣಿಸ್ತಾ ಕೂತಿದೀರಲ್ಲ. ಬೇಡ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲ್ವಾ?"

"ಆಗಿಹೋಯ್ತಲ್ಲ. ಹಾಗಂತ ಸರಿ ಅಂತಾನೂ ನಾನು ಹೇಳ್ತಿಲ್ಲ."

"ಅಡ್ಡಗೋಡೆ ಮೇಲೆ ದೀಪ ಇಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ."

"ಬಿಡೇ," ಎಂದರು ಅತ್ತೆ. "ಅವಳ ದುಡ್ಡು, ಅವಳ ಕೈ. ನಿನ್ನ ಕೈಗೆ ಚುಚ್ಚಿದ್ರಾ?"

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮನೇಲಿ ಅಜ್ಜಿಗೆ," ಎಂದಳು ಅವಳು. ಮುದುಕಿ ಹೋ ಎಂದು ನಕ್ಕು, ಹೆಗ್ಗಣದ ತಲೆ ಸವರಿದರು.

ಮಗಳು ಕೆಲಸಕ್ಕೆ ಹೋದ ಮೇಲೆ ಅವಳು ಒಗೆದ ಬಟ್ಟೆ ಇಡುವ ನೆಪದಲ್ಲಿ ಮಗಳ ಬೀರು ತೆರೆದಳು. ಬಾಗಿಲಿನ ಒಳಗಡೆ ಒಂದು ದೊಡ್ಡ ಕಾಗದ ಅಂಟಿಸಿತ್ತು. ತೋಳಿನ ಚಿತ್ರ, ಕೆಂಪು ಪೆನ್ಸಿಲಿನಲ್ಲಿ ನಾಲ್ಕು ಭಾಗ ಮಾಡಿದ್ದು. ಒಂದೊಂದು ಭಾಗದ ಪಕ್ಕದಲ್ಲಿ ತಾರೀಖು. ಮೇಲೆ ಗಂಡನ ಗಾಲಿ. ಎರಡನೆಯದರಲ್ಲಿ ಹಗ್ಗಗಳ ನಡುವೆ ಸಿಕ್ಕಿಕೊಂಡಂತೆ ಅತ್ತೆಯ ಕನ್ನಡಕ, ಮುರಿದ ಕಡ್ಡಿಗೆ ಕಟ್ಟಿದ ದಾರದ ಸಮೇತ. ಮೂರನೆಯದರಲ್ಲಿ ಮೊಣಕೈ ಸುತ್ತ ಗೋಧಿಯ ತೆನೆಗಳು. ಅದು ಮಗಳದೇ, ಬೇಕರಿಯದು. ನಾಲ್ಕನೆಯ ಭಾಗದ ಮೇಲೆ ಒಂದು ಹಳದಿ ಚೀಟಿ ಅಂಟಿಸಿ ಮುಚ್ಚಿತ್ತು.

ಅಪ್ಪನಿಗೊಂದು, ಅಜ್ಜಿಗೊಂದು. ಚೀಟಿಯ ಅಂಚನ್ನು ಉಗುರಿನಿಂದ ಮುಟ್ಟಿದಳು. ಎತ್ತಿದರೆ ಹರಿಯುತ್ತದೆ, ಗೊತ್ತಾಗಿಬಿಡುತ್ತದೆ. ಬೀರು ಮುಚ್ಚಿದಳು.

*

ಕಾರ್ಖಾನೆಯಲ್ಲಿ ಅವಳ ಕೆಲಸ ವಿಂಗಡಣೆ. ಹದವಾಗಿ ಒಣಗಿದ ತೊಗಲು ಮೇಜಿನ ಮೇಲೆ ಬರುತ್ತದೆ. ಮೊದಲು ಕಣ್ಣು, ಆಮೇಲೆ ಹೆಬ್ಬೆರಳು. ಕತ್ತು, ಬೆನ್ನು, ಹೊಟ್ಟೆ, ಪಕ್ಕೆ. ಉಣ್ಣಿಹುಳ ಕಚ್ಚಿದ ಕಲೆ, ಮುಳ್ಳುತಂತಿ ಗೀರಿದ ಗೆರೆ, ಕಾದ ಕಬ್ಬಿಣದಲ್ಲಿ ಹಾಕಿದ ಬರೆ, ಎಲ್ಲ ಅವಳಿಗೆ ಓದಲು ಬರುತ್ತಿತ್ತು. ತಿರುಗಿಸಿ, ಒಳಮೈ ಮೇಲೆ ನೀಲಿ ಮೇಣದ ಬಳಪದಲ್ಲಿ ಗುರುತು ಹಾಕಬೇಕು. ಒಳ್ಳೆಯದಕ್ಕೆ ಒಂದು ಗೀಟು, ಸಾಧಾರಣಕ್ಕೆ ಎರಡು, ಕಳಪೆಗೆ ಮೂರು. ಅದಕ್ಕೂ ಕೆಳಗೆ ಇನ್ನೊಂದಿತ್ತು. ಉಪ್ಪು ಬೀಳುವ ಮೊದಲೇ ಕೊಳೆತು ಹೋಗಿದ್ದ ತೊಗಲು. ನೋಡಲು ಏನೂ ಕಾಣುವುದಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ ಉಜ್ಜಿದರೆ ಮೇಲ್ಪದರ ಸಿಪ್ಪೆಯಂತೆ ಜಾರುತ್ತದೆ. ಅದಕ್ಕೆ ಒಂದು ಸೊನ್ನೆ, ಸೊನ್ನೆಯ ಮೇಲೆ ಎರಡು ಓರೆ ಗೀಟು. ಹಿಂದಿನ ಗುಡ್ಡೆಗೆ ಹೋಗುತ್ತದೆ. ಅಲ್ಲಿ ಯಂತ್ರ ಅದನ್ನು ಪುಡಿ ಮಾಡುತ್ತದೆ. ಯಾರು ತಳ್ಳಿಹಾಕಿದ್ದು ಎಂದು ಮೇಸ್ತ್ರಿಗೆ ತಿಳಿಯಲಿ ಎಂದು ಪ್ರತಿಯೊಬ್ಬರೂ ಕೊನೆಯ ಗೀಟಿಗೆ ತಮ್ಮದೊಂದು ಕೊಕ್ಕೆ ಸೇರಿಸುತ್ತಿದ್ದರು. ಅವಳದು ಎಡಕ್ಕೆ ಮಡಿಸಿದ ಸಣ್ಣ ಬಾಲ.

ಆ ಗುಡ್ಡೆಯಿಂದ ಬೇಕಾದಷ್ಟು ಕತ್ತರಿಸಿಕೊಂಡು ಹೋಗಲು ಕೆಲಸದವರಿಗೆ ಅಡ್ಡಿಯಿರಲಿಲ್ಲ.

ಎದುರು ಮೇಜಿನಲ್ಲಿ ಅವಳಷ್ಟೇ ವರ್ಷ ದುಡಿದ ಗೆಳತಿಯೊಬ್ಬಳಿದ್ದಳು. ಮಾತು ನಿಲ್ಲದ್ದರಿಂದ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು.

"ಪೂರ್ತಿ ತೋಳೇ?" ಎಂದಳು ರೇಡಿಯೋ. "ಹಾಗಾದ್ರೆ ಮೂರು ಗೀಟು ಹಾಕು. ಬರೆ ಬಿದ್ದ ಮಾಲು."

"ತಮಾಷೆ ಬೇಡ. ರಾತ್ರಿ ನೋಡಿದಾಗಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ."

"ಇಷ್ಟು ವರ್ಷ ಇದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ತಿಂದಿದೀಯ. ಈಗ ಹೇಸಿಗೆಯಾ?"

"ಇವು ಸತ್ತಿರೋವು ಕಣೆ," ಎಂದಳು ಅವಳು.

*

ಒಂದು ವಾರಕ್ಕೆ ಸಿಪ್ಪೆ ಏಳಲು ಶುರುವಾಯಿತು. ಬಿಸಿಲಲ್ಲಿ ಬೆಂದ ಬಣ್ಣದ ಹಾಗೆ ಮಗಳ ತೋಳು ಎದ್ದೆದ್ದು ಬರುತ್ತಿತ್ತು. ಬೂದು ಬಣ್ಣದ, ಒಂದೊಂದು ಕಪ್ಪು ಗೆರೆಯ ಚೂರು ಹೊತ್ತ ಹೊಟ್ಟು. ಸ್ನಾನದ ಮನೆಯ ಜಾಲರಿಯಲ್ಲಿ, ಸೋಫಾದ ಕೈ ಮೇಲೆ, ಹಾಸಿಗೆಯ ಹೊದಿಕೆಯಲ್ಲಿ. ಅವಳು ದಿನಕ್ಕೆರಡು ಸಲ ಗುಡಿಸಿದಳು. ಗುಡಿಸಿದ್ದನ್ನು ನೋಡದೆ ಚೀಲಕ್ಕೆ ಸುರಿದು, ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿ ಕಟ್ಟಿದಳು.

ಸಂಜೆ ಮಗಳು ಎಂದಿನಂತೆ ಬೇಕರಿಯಲ್ಲಿ ಉಳಿದ ಬ್ರೆಡ್ಡು ತರುತ್ತಿದ್ದಳು. ಮೊದಲು ಅದು ಮನೆಯವರೆಲ್ಲ ಕಾಯುವ ಹೊತ್ತು. ಈಗ ಅವಳು ಪ್ರತಿ ಹೋಳನ್ನು ದೀಪಕ್ಕೆ ಹಿಡಿದು ನೋಡತೊಡಗಿದಳು.

"ಏನು ಹುಡುಕ್ತಿದೀಯ?" ಎಂದಳು ಮಗಳು.

"ಏನಿಲ್ಲ."

"ನನ್ನ ಸಿಪ್ಪೆ ಹುಡುಕ್ತಿದೀಯ."

"ಹೌದು. ಊರೋರು ತಿನ್ನೋ ಹಿಟ್ಟಲ್ಲಿ ಕೈ ಅದ್ದೋಳು ನೀನು."

"ಹಚ್ಚೆ ಹಾಕಿಸ್ಕೊಂಡ ದಿನದಿಂದ ನಾನು ಹಿಟ್ಟು ಮುಟ್ಟಿಲ್ಲ. ಕೌಂಟರಲ್ಲಿದೀನಿ, ಉದ್ದ ತೋಳಿನ ಅಂಗಿ ಹಾಕ್ಕೊಂಡು. ಕೇಳ್ಬೇಕು ಅಂತ ನಿನಗೆ ಅನ್ನಿಸ್ಲಿಲ್ಲ. ಹುಡುಕ್ಬೇಕು ಅಂತ ಅನ್ನಿಸ್ತು."

ಅವಳು ಹೋಳನ್ನು ಬಾಣಲೆಗೆ ಹಾಕಿ ಕಪ್ಪಾಗುವ ತನಕ ಸುಟ್ಟಳು. ಗಂಡ ಅದನ್ನು ಸೂಪಿನಲ್ಲಿ ಅದ್ದಿ ತಿಂದ. ಅತ್ತೆ ಮಾತ್ರ ತಮ್ಮ ಹೋಳನ್ನು ಕಿತ್ತುಕೊಂಡು, "ನನಗೆ ಇದ್ದಲು ಬೇಡಮ್ಮ. ಮೊಮ್ಮಗಳ ಸಿಪ್ಪೆ ಹೊಟ್ಟೆಗೆ ಹೋದ್ರೆ ವಯಸ್ಸಾದ್ರೂ ಕಡಿಮೆಯಾಗುತ್ತೇನೋ" ಎಂದರು. ಗಂಡ ನಕ್ಕ, ಮಗಳೂ ನಕ್ಕಳು. ಅವಳು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು.

ಎರಡನೇ ಕಂತು ಮುಗಿದ ದಿನದಿಂದ ಆರೈಕೆ ಅತ್ತೆಯ ಪಾಲಿಗೆ ಹೋಯಿತು. ತಮ್ಮ ಕನ್ನಡಕ ಮೊಮ್ಮಗಳ ತೋಳಿನ ಮೇಲೆ ಬಂದದ್ದು ಕಂಡು ಮುದುಕಿ ನೆಲದ ಮೇಲೆ ನಿಲ್ಲಲಿಲ್ಲ. ಮುಲಾಮು ಹಚ್ಚುವುದು, ಹಾಳೆ ಬದಲಿಸುವುದು, ತುರಿಸಿದರೆ ಅಂಗೈಯಲ್ಲಿ ತಟ್ಟುವುದು, ಎಲ್ಲ ಅವರದೇ. ಅವಳು ಆ ಹೊತ್ತಿಗೆ ಬಟ್ಟೆ ಒಣಗಹಾಕಲು ಹೋಗುತ್ತಿದ್ದಳು.

ಒಂದು ದಿನ ಅತ್ತೆ ಕೇಳಿಯೇ ಬಿಟ್ಟರು. "ನಿನಗೆ ಅಸಹ್ಯವೋ, ಹೊಟ್ಟೆಕಿಚ್ಚೋ?"

"ಹೊಟ್ಟೆಕಿಚ್ಚು ಯಾಕೆ?"

"ನಿನ್ನದೇನೂ ಆ ಕೈಯಲ್ಲಿ ಬಂದಿಲ್ಲವಲ್ಲ ಇನ್ನೂ."

"ನನ್ನದು ಬರೋದೂ ಬೇಡ," ಎಂದಳು ಅವಳು. ಬಕೆಟ್ಟನ್ನು ನೆಲಕ್ಕೆ ಕುಕ್ಕಿದ್ದರಿಂದ ನೀರು ಚೆಲ್ಲಿತು.

*

ಮೂರನೇ ಕಂತು ಎಲ್ಲಕ್ಕಿಂತ ಕೆಟ್ಟದ್ದು. ಮೊಣಕೈಯ ಮೇಲೂ ಒಳಮಡಿಕೆಯಲ್ಲೂ ಸೂಜಿ ಓಡಿತ್ತು. ಕೈ ಮಡಿಸಿದಾಗಲೆಲ್ಲ ಹಕ್ಕಳೆ ಬಿರಿಯುತ್ತಿತ್ತು. ಹಾಸಿಗೆಯ ಹೊದಿಕೆ ತೋಳಿಗೆ ಅಂಟಿಕೊಂಡು, ಬೆಳಿಗ್ಗೆ ಅದನ್ನು ಬಿಡಿಸುವಾಗ ಮಗಳು ಹಲ್ಲು ಕಚ್ಚಿ ಅಳುತ್ತಿದ್ದಳು. ಹೊದಿಕೆಯ ಮೇಲೆ ತೆನೆಗಳ ಅಚ್ಚು ತಿರುಗುಮುರುಗಾಗಿ, ಹಳದಿ ಒಸರಿನಲ್ಲಿ ಮೂಡಿರುತ್ತಿತ್ತು. ಅದನ್ನು ಒಗೆಯಬೇಕಾದವಳು ಅವಳು.

ಒಂದು ಸಂಜೆ ಅತ್ತೆ ಪರೀಕ್ಷೆಗೆಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು, ಗಂಡನ ಜೊತೆ. ಮಗಳು ಮುಲಾಮಿನ ಟ್ಯೂಬು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮ, ಹಿಂಭಾಗ ನನಗೆ ಎಟುಕಲ್ಲ. ಸ್ವಲ್ಪ ಹಚ್ಚಮ್ಮ."

ಅವಳು ಆಲೂಗಡ್ಡೆ ಹೆಚ್ಚುತ್ತಿದ್ದಳು. "ಅಜ್ಜಿ ಬರ್ಲಿ."

"ಉರೀತಿದೆ."

"ಉರೀಲಿ. ಉರೀಲಿ ಅಂತ ತಾನೇ ದುಡ್ಡು ಕೊಟ್ಟು ಚುಚ್ಚಿಸ್ಕೊಂಡಿದ್ದು?"

"ಒಂದು ಸಲ ಮುಟ್ಟಿದ್ರೆ ಏನಾಗುತ್ತೆ ನಿನಗೆ?"

"ಹೇಸಿಗೆ ಆಗುತ್ತೆ!" ಎಂದಳು ಅವಳು. ಕತ್ತಿ ಮಣೆಗೆ ತಾಗಿ ಕಟ್ಟೆಂದಿತು. "ದಿನಾ ಎಂಟು ಗಂಟೆ ಚರ್ಮ ಮುಟ್ಟಿ ಬರ್ತೀನಿ. ಮನೇಲೂ ಅದನ್ನೇ ಮುಟ್ಟು ಅಂತೀಯಲ್ಲ. ನಿನ್ನ ಕೈ ನೋಡಿದ್ರೆ ನನಗೆ ವಾಕರಿಕೆ ಬರುತ್ತೆ. ಸಾಕಾ?"

ಮಾತು ಹೊರಬಿದ್ದ ಕೂಡಲೇ ಅವಳಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನಿಸಿತು. ಆದರೆ ಅದು ನಿಜವಾಗಿತ್ತು. ನಿಜವಾದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವಳಿಗೆ ಗೊತ್ತಿರಲಿಲ್ಲ.

ಮಗಳು ಟ್ಯೂಬಿನ ಮುಚ್ಚಳ ತಿರುಗಿಸಿ ಹಾಕಿದಳು.

"ಬೇಕರಿ ಮೇಲೆ ಒಂದು ರೂಮು ಖಾಲಿ ಇದೆ. ನಾಲ್ಕನೇ ಕಂತು ಮುಗಿದ ಮೇಲೆ ಅಲ್ಲಿಗೆ ಹೋಗ್ತೀನಿ. ನಿನಗೆ ಹೇಸಿಗೆ ತಪ್ಪುತ್ತೆ."

"ಯಾರು ಹೋಗು ಅಂದ್ರು?"

"ಯಾರು ಇರು ಅಂದ್ರು?"

ಅವತ್ತಿನಿಂದ ಮಗಳು ಮನೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿದಳು. ಊಟಕ್ಕೆ ತಡವಾಗಿ ಬಂದಳು. ಬ್ರೆಡ್ಡು ತರುವುದು ನಿಂತಿತು. ಹೊದಿಕೆಯನ್ನು ತಾನೇ ಒಗೆದು, ತಾನೇ ಒಣಗಹಾಕಿದಳು. ಅತ್ತೆ ಮೇಜಿನ ತುದಿಯಲ್ಲಿ ಕೂತು, "ಈ ಮನೇಲಿ ಊಟಕ್ಕೆ ಉಪ್ಪು ಹಾಕೋದು ನಿಲ್ಲಿಸಿದಾರಾ ಯಾರಾದ್ರೂ?" ಎಂದು ಕೇಳಿದರು.

ಗಂಡ ಒಂದು ರಟ್ಟಿನ ಪೆಟ್ಟಿಗೆ ತಂದು ಮಗಳ ಕೋಣೆಯ ಬಾಗಿಲಲ್ಲಿಟ್ಟ.

"ಏನಿದು?" ಎಂದಳು ಅವಳು.

"ಪುಸ್ತಕ ತುಂಬ್ಕೊಳಕ್ಕೆ ಕೇಳಿದ್ಲು."

"ಕೇಳಿದ ತಕ್ಷಣ ತಂದುಕೊಟ್ರಾ!"

"ತರ್ಲಿಲ್ಲ ಅಂದ್ರೆ ಹೋಗಲ್ವಾ?" ಅವನು ಮೊದಲ ಸಲ ದನಿ ಎತ್ತಿದ. "ಹೋಗದ ಹಾಗೆ ಮಾಡೋದು ಪೆಟ್ಟಿಗೆ ಕೈಯಲ್ಲಿಲ್ಲ, ನಿನ್ನ ಕೈಯಲ್ಲಿದೆ."

*

ನಾಲ್ಕನೇ ಕಂತಿಗೆ ಎರಡು ದಿನ ಉಳಿದಿದ್ದಾಗ, ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಅವಳು ಹಚ್ಚೆಯವನ ಹತ್ತಿರ ಹೋದಳು. ವಿಳಾಸ ಬೀರುವಿನ ಕಾಗದದ ಮೂಲೆಯಲ್ಲೇ ಇತ್ತು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಳು. ಕೈ ಕೀವುಗಟ್ಟಿದೆ ಎನ್ನುವುದು. ಪೊಲೀಸರಿಗೆ ಹೇಳುತ್ತೇನೆ ಎನ್ನುವುದು. ಕಂತು ನಿಂತರೆ ರೂಮಿನ ಮಾತೂ ನಿಂತೀತು ಎಂಬ ಲೆಕ್ಕ ಅವಳದು. ನಾಲ್ಕನೆಯದು ಆಗದಿದ್ದರೆ ನಾಲ್ಕನೆಯದು ಮುಗಿಯುವುದೂ ಇಲ್ಲವಲ್ಲ.

ಕೊಳಕು ಕೋಣೆಯೊಂದನ್ನು ಅವಳು ನಿರೀಕ್ಷಿಸಿದ್ದಳು. ಟೈಲರ್ ಅಂಗಡಿಯ ಮೇಲಿನ ಆ ಕೋಣೆ ಅವಳ ಅಡುಗೆಮನೆಗಿಂತ ಸ್ವಚ್ಛವಾಗಿತ್ತು. ಸ್ಪಿರಿಟ್ಟಿನ ವಾಸನೆ, ಬಿಳಿ ಮೇಜು, ಮುಚ್ಚಳವಿದ್ದ ಕಸದ ಡಬ್ಬಿ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ ಕೈಗವಸು ಬಿಚ್ಚಿಟ್ಟು ಬಾಳೆಹಣ್ಣು ತಿನ್ನುತ್ತಿದ್ದ. ಅವನ ಎರಡು ಕೈಯೂ ಬೆರಳ ತುದಿಯ ತನಕ ಹಸಿರುಗಪ್ಪಾಗಿದ್ದವು. ಹಣ್ಣಿನ ಬಿಳಿ ತಿರುಳನ್ನು ಆ ಬೆರಳು ಹಿಡಿದದ್ದು ನೋಡಿ ಅವಳು ಗೋಡೆಯ ಕಡೆ ತಿರುಗಿದಳು.

"ಬನ್ನಿ ಅಮ್ಮ. ಬೇಕರಿ ಹುಡುಗಿ ತಾಯಿ ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ಹೆಬ್ಬೆರಳು," ಎಂದನವನು. ಅವಳ ಬಲ ಹೆಬ್ಬೆರಳು ನೀಲಿಯಾಗಿತ್ತು. ಎಷ್ಟು ತಿಕ್ಕಿದರೂ ಬಳಪದ ಬಣ್ಣ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. "ಅಮ್ಮನ ಹೆಬ್ಬೆರಳು ಯಾವಾಗ್ಲೂ ನೀಲಿ ಅಂತ ಹೇಳಿದ್ಲು. ಅದಕ್ಕೇ ಕೊನೇ ಕಂತಿಗೆ ಮಾತ್ರ ನೀಲಿ ಮಸಿ. ಬೇರೆ ಎಲ್ಲ ಕಪ್ಪು."

ಹೊಂದಿಸಿಕೊಂಡು ಬಂದದ್ದನ್ನು ಬಿಟ್ಟು ಅವಳು ಕೇಳಿದಳು. "ಕೊನೇದ್ರಲ್ಲಿ ಏನಿದೆ?"

"ಹೇಳ್ಬೇಡಿ ಅಂದಿದಾಳೆ." ಅವನು ಸಿಪ್ಪೆಯನ್ನು ಡಬ್ಬಿಗೆ ಹಾಕಿ, ಕೈ ತೊಳೆದು ಬಂದ. "ಆದ್ರೆ ನೀವೇ ಬಂದಿದ್ದು ಒಳ್ಳೇದಾಯ್ತು. ನನಗೊಂದು ತೊಂದರೆ ಇದೆ. ನಾನು ತೋರಿಸ್ದೆ ಅಂತ ಹೇಳ್ಬಾರ್ದು."

ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದ. ಮುಂದೋಳಿನ ಒಳಭಾಗದ ಚಿತ್ರ. ಮೇಲಿನಿಂದ ಬಂದ ಹಗ್ಗಗಳೆಲ್ಲ ಅಲ್ಲಿ ಒಂದು ಗಂಟಾಗಿ ಸೇರಿದ್ದವು. ಗಂಟಿನ ಕೆಳಗೆ, ಮಣಿಕಟ್ಟಿಗೆ ನಾಲ್ಕು ಬೆರಳು ಮೇಲೆ, ಒಂದು ಸೊನ್ನೆ. ಸೊನ್ನೆಯ ಮೇಲೆ ಎರಡು ಓರೆ ಗೀಟು.

ಅವಳು ಕಾಗದವನ್ನು ಹತ್ತಿರ ಎಳೆದುಕೊಂಡಳು.

"ಇದು ನಿಮ್ಮ ರುಜು ಅಂತೆ," ಎಂದನವನು. "ಚಿಕ್ಕೋಳಿದ್ದಾಗ ಅವಳ ಸ್ಕೂಲ್ ಚೀಲ, ಚೆಂಡು, ಪೆನ್ಸಿಲ್ ಪೆಟ್ಟಿಗೆ, ಎಲ್ಲ ನೀವೇ ಚರ್ಮದಲ್ಲಿ ಹೊಲೀತಿದ್ರಂತಲ್ಲ. ಬೇರೆ ಮಕ್ಕಳದು ಹಳೇ ಚೀಲ, ಇವಳಿಗೆ ಮಾತ್ರ ವರ್ಷಾ ವರ್ಷಾ ಹೊಸದು. ಎಲ್ಲದರ ಒಳಗಡೆ ಈ ಗುರುತು. ಅಮ್ಮ ಬಾಯಿಬಿಟ್ಟು ಚೆನ್ನಾಗಿದೆ ಅನ್ನಲ್ಲ, ಚೆನ್ನಾಗಿರೋದಕ್ಕೆ ಈ ಗುರುತು ಹಾಕ್ತಾಳೆ ಅಂದ್ಲು. ಅದಕ್ಕೇ ಇಡೀ ಕೈ ಮುಗಿದ ಮೇಲೆ ಕೊನೇಲಿ ಇದು. ಅಮ್ಮ ನೋಡಿ ಪಾಸು ಮಾಡಿದ ಹಾಗೆ."

ವರ್ಷಾ ವರ್ಷಾ ಹೊಸದು. ಯಾಕೆಂದರೆ ವರ್ಷದೊಳಗೆ ಆ ಚೀಲಗಳು ಸಿಪ್ಪೆ ಏಳುತ್ತಿದ್ದವು. ಕೊಳೆತ ತೊಗಲು ಎಷ್ಟು ದಿನ ಬಂದೀತು? ಅವಳು ಗುಡ್ಡೆಯ ಮೇಲೆ ಬಾಗಿ, ಇದ್ದುದರಲ್ಲಿ ಗಟ್ಟಿಯಾದ್ದನ್ನು ಹೆಬ್ಬೆರಳಲ್ಲಿ ಆರಿಸಿ, ಕತ್ತರಿಸಿ ತರುತ್ತಿದ್ದಳು. ಒಂದು ಗೀಟಿನ ಮಾಲು ಮನೆಗೆ ಬರುವುದು ಸಾಧ್ಯವೇ ಇರಲಿಲ್ಲ. ಮಗು ಹುಟ್ಟಿದಾಗಿನಿಂದ ಕಂಡದ್ದು ಆ ಒಂದೇ ಗುರುತು.

"ಈಗ ನನ್ನ ತೊಂದರೆ," ಎಂದು ಹಚ್ಚೆಯವನು ಮುಂದುವರಿಸಿದ. "ಇದಕ್ಕೊಂದು ಬಾಲ ಇತ್ತು ಅಂತಾಳೆ. ಯಾವ ಕಡೆಗೆ ಅಂತ ಜ್ಞಾಪಕ ಇಲ್ಲ. ಅವಳ ಹತ್ರ ಉಳಿದಿರೋದು ಒಂದೇ ಪೆನ್ಸಿಲ್ ಪೆಟ್ಟಿಗೆ, ಅದರಲ್ಲಿ ಅಳಿಸಿಹೋಗಿದೆ. ಬಾಲ ತಪ್ಪಾದ್ರೆ ಅಮ್ಮಂದಲ್ಲ ಅಂತ ಒದ್ದಾಡ್ತಿದಾಳೆ. ನೀವೇ ಒಂದು ಸಲ ಹಾಕಿಕೊಡಿ. ಅದನ್ನೇ ಅಚ್ಚು ತೆಗೀತೀನಿ."

ಅವನು ಒಂದು ಬಿಳಿ ಹಾಳೆಯನ್ನೂ ನೀಲಿ ಪೆನ್ಸಿಲನ್ನೂ ಅವಳ ಮುಂದಿಟ್ಟ.

ಹೇಳಬಹುದಿತ್ತು. ಇದು ರುಜು ಅಲ್ಲ, ಕೊಳೆತದ್ದಕ್ಕೆ ಹಾಕುವ ಗುರುತು, ಇದನ್ನು ಹಾಕಿದ ಮಾಲನ್ನು ಪುಡಿ ಮಾಡುತ್ತಾರೆ, ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ನಾಡಿದ್ದಿನ ಕಂತು ನಿಲ್ಲುತ್ತಿತ್ತು. ಅವಳು ಬಂದದ್ದು ಅದಕ್ಕೇ. ಆದರೆ ಇವನು ಮಗಳಿಗೆ ಹೇಳುತ್ತಾನೆ. ಮಗಳು ಆ ಪೆನ್ಸಿಲ್ ಪೆಟ್ಟಿಗೆಯನ್ನು ತೆಗೆದು ನೋಡುತ್ತಾಳೆ. ಆಮೇಲೆ ಚೀಲ, ಚೆಂಡು, ಒಂದೊಂದಾಗಿ ಎಲ್ಲವನ್ನೂ ನೆನೆಸಿಕೊಳ್ಳುತ್ತಾಳೆ. ಕೊನೆಗೆ ಅಡುಗೆಮನೆಯಲ್ಲಿ ಕೇಳಿದ ಮಾತನ್ನು.

ಒಂದು ಗೀಟು ಹಾಕಿಕೊಟ್ಟು, ಇದೇ ನನ್ನ ಗುರುತು ಎಂದರೆ? ಮಗಳು ನಂಬುವವಳಲ್ಲ. ಕಣ್ಣಿಟ್ಟು ನೋಡುವುದನ್ನು ಅವಳು ತಾಯಿಯಿಂದಲೇ ಕಲಿತವಳು.

"ಗೊತ್ತಾಗ್ಲಿಲ್ವಾ ಅಮ್ಮ?"

"ಗೊತ್ತಾಯ್ತು," ಎಂದಳು.

ಪೆನ್ಸಿಲು ಹಿಡಿದ ಮೇಲೆ ಕೈ ಯೋಚಿಸಲಿಲ್ಲ. ಸೊನ್ನೆ, ಗೀಟು, ಗೀಟು, ಎಡಕ್ಕೆ ಬಾಲ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ವಾರಕ್ಕೆ ಮುನ್ನೂರು ಸಲ ಹಾಕಿದ ಕೈ ಅದು. ಹಾಳೆಯ ಮೇಲೆ ಆ ಗುರುತು ಎಷ್ಟು ಸಲೀಸಾಗಿ ಕೂತಿತ್ತೆಂದರೆ ಅವಳಿಗೆ ತನ್ನ ಕೈಯ ಮೇಲೇ ಹೇಸಿಗೆಯಾಯಿತು.

"ಆಹಾ," ಎಂದನವನು. "ಪಳಗಿದ ಕೈ. ಇಂಥ ಗೆರೆ ನನಗೂ ಬರಲ್ಲ."

"ನಾನು ಬಂದಿದ್ದೆ ಅಂತ ಹೇಳ್ಬೇಡಿ."

"ನಾನು ತೋರಿಸ್ದೆ ಅಂತ ನೀವೂ ಹೇಳ್ಬೇಡಿ."

ಮೆಟ್ಟಿಲು ಇಳಿದು ಬೀದಿಗೆ ಬಂದ ಮೇಲೆ ಟೈಲರ್ ಅಂಗಡಿಯ ಪಕ್ಕದ ಚರಂಡಿಯ ಹತ್ತಿರ ನಿಂತಳು. ವಾಂತಿಯಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

*

ಎರಡು ದಿನ ಕಳೆದು, ಸಂಜೆ ಏಳು ಗಂಟೆಗೆ ಮಗಳು ಬಂದಳು. ಗಂಡ, ಅತ್ತೆ ಮೇಜಿನ ಹತ್ತಿರ ಕೂತಿದ್ದರು. ಮಗಳು ನೇರ ಅಡುಗೆಮನೆಗೆ ಬಂದು, ಒಲೆಯ ಮುಂದಿದ್ದ ತಾಯಿಯ ಹಿಂದೆ ನಿಂತಳು.

"ಅಮ್ಮ. ಒಂದೇ ಒಂದು ಸಲ ನೋಡು. ಹೇಸಿಗೆಯಾದ್ರೂ ಪರವಾಗಿಲ್ಲ. ಆಮೇಲೆ ನೋಡ್ಬೇಡ."

ಅವಳು ಉರಿ ತಗ್ಗಿಸಿ ತಿರುಗಿದಳು. ಮುಂದೋಳಿನ ಒಳಭಾಗ, ಮೈಯಲ್ಲೇ ಅತಿ ತೆಳುವಾದ ಚರ್ಮ. ಹಾಳೆಯ ಒಳಗೆ ರಕ್ತ, ಮಸಿ, ಒಸರು ಕಲಸಿ ನೇರಳೆಯಾಗಿ ನಿಂತಿತ್ತು. ಮಗಳು ಹಾಳೆ ಬಿಚ್ಚಿದಳು. ಅದು ಜಿಗುಟಾಗಿ ಎದ್ದು ಬಂತು. ವಾಸನೆಯೂ ಬಂತು. ಉಬ್ಬಿದ ಕೆಂಪು ಮಾಂಸದ ಮೇಲೆ, ನೀಲಿಯಲ್ಲಿ, ಅವಳ ಕೈಬರಹ.

"ಏನು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ನಿನ್ನ ಗುರುತು. ಬಾಲ ಸರಿ ಇದೆಯಾ? ನನಗೆ ಜ್ಞಾಪಕಾನೇ ಇರ್ಲಿಲ್ಲ. ಅವನು ತಾನಾಗೇ ಎಡಕ್ಕೆ ಹಾಕಿದ. ನೋಡಿದ ತಕ್ಷಣ, ಇದೇ, ಇದೇ ಅಂದೆ. ಹೇಗೆ ತಿಳೀತೋ ಅವನಿಗೆ!"

"ಪಳಗಿದ ಕೈ ಇರ್ಬೇಕು."

"ಸರಿ ಇದೆಯಾ ಹೇಳು."

ಮಗಳ ಕಣ್ಣು ಅವಳ ಮುಖವನ್ನೇ ಹುಡುಕುತ್ತಿತ್ತು, ಅವಳು ಬ್ರೆಡ್ಡನ್ನು ದೀಪಕ್ಕೆ ಹಿಡಿದು ಹುಡುಕಿದಂತೆ. ಅವಳು ಮಗಳ ಮಣಿಕಟ್ಟು ಹಿಡಿದಳು. ಹೆಬ್ಬೆರಳನ್ನು ಗಾಯದ ಪಕ್ಕದ ಬರಿಯ ಚರ್ಮದ ಮೇಲಿಟ್ಟು ಮೆಲ್ಲಗೆ ಒತ್ತಿ ಎಳೆದಳು. ಬಿಗಿಯಾಗಿತ್ತು, ನುಣುಪಾಗಿತ್ತು. ಎಲ್ಲೂ ಜಾರಲಿಲ್ಲ.

"ಸರಿ ಇದೆ," ಎಂದಳು. "ಚೆನ್ನಾಗಿದೆ."

ಮಗಳು ಮೂಗು ಎಳೆದುಕೊಂಡಳು. ಹೊರಗಿನಿಂದ ಅತ್ತೆ, "ಏನದು, ನನಗೂ ತೋರಿಸ್ರೇ, ಕನ್ನಡಕ ಎಲ್ಲಿ?" ಎಂದು ಕೂಗುತ್ತಿದ್ದರು. "ನಿನ್ನ ಕನ್ನಡಕ ಅವಳ ತೋಳಲ್ಲಿದೆ ಕಣಮ್ಮ," ಎಂದ ಗಂಡ.

ಅವಳು ಸೊಪ್ಪು ತೊಳೆಯುವ ಬೋಗುಣಿ ತೆಗೆದು ಬಿಸಿನೀರು ಹಾಕಿದಳು. ಮಗಳ ತೋಳನ್ನು ಅದರ ಮೇಲೆ ಹಿಡಿದು, ಅಂಗೈಯಲ್ಲಿ ನೀರು ತೆಗೆದು ತೆಗೆದು ಸುರಿದಳು. ನೀಲಿ ಬಣ್ಣದ ಜಿಗುಟು ಅವಳ ಬೆರಳ ಸಂದಿಯಲ್ಲಿ ಇಳಿಯಿತು. ಗಂಟಲಿಗೆ ಬಂದದ್ದನ್ನು ಎರಡು ಸಲ ಒಳಕ್ಕೆ ತಳ್ಳಿದಳು. ಕೈ ಮಾತ್ರ ತೆಗೆಯಲಿಲ್ಲ.

"ಇದೇ ಬೋಗುಣೀನಾ?" ಎಂದಳು ಮಗಳು.

"ಸೊಪ್ಪಿಗೆ ಬೇರೆ ತಂದಿದೀನಿ."

ರಟ್ಟಿನ ಪೆಟ್ಟಿಗೆ ಬಾಗಿಲಲ್ಲೇ ಇತ್ತು. ರಾತ್ರಿ ಅದರ ಮೇಲೆ ಅತ್ತೆ ಕಾಲು ಚಾಚಿ ಕೂತರು.

*

ಮರುದಿನ ಮೇಜಿಗೆ ಬಂದ ಐದನೇ ತೊಗಲು ನೋಡಲು ಸೊಗಸಾಗಿತ್ತು. ಹೆಬ್ಬೆರಳು ಒತ್ತಿದಳು. ಬೆನ್ನಿನ ಹತ್ತಿರ ಮೇಲ್ಪದರ ಜಾರಿತು. ತಿರುಗಿಸಿ ಹಾಕಿ ಬಳಪ ಎತ್ತಿದವಳು ಹಾಗೇ ನಿಂತಳು.

"ಏನು, ಧ್ಯಾನವಾ?" ಎಂದಳು ಎದುರಿನಿಂದ ರೇಡಿಯೋ. "ನಿನ್ನೆ ಮುಗೀತಲ್ಲ ಮಗಳ ಕೈ? ಕೊನೇಲಿ ಏನು ಬರೆಸಿದ್ಲು?"

ಈ ಕೋಣೆಯಲ್ಲಿದ್ದ ಹನ್ನೊಂದು ಜನಕ್ಕೂ ಆ ಗುರುತು ಗೊತ್ತಿತ್ತು. ರೇಡಿಯೋಗೆ ತಿಳಿದರೆ ಸಂಜೆಯೊಳಗೆ ಗೇಟಿನ ನಲ್ಲಿಯ ಹತ್ತಿರ ನಗು ಏಳುತ್ತದೆ. ಇವರಲ್ಲಿ ಅರ್ಧ ಜನ ಬ್ರೆಡ್ಡು ಕೊಳ್ಳುವುದು ಮಗಳ ಬೇಕರಿಯಲ್ಲೇ. ಇನ್ನು ಮುಂದೆ ಹಬೆಯಾಡುವ ಬ್ರೆಡ್ಡಿನ ಪೊಟ್ಟಣ ಚಾಚುವ ಆ ಕೈಯನ್ನು ಅವರು ಯಾವತ್ತು ನೋಡುತ್ತಾರೋ, ಏನು ಹೇಳುತ್ತಾರೋ ಎಂದು ಅವಳು ದಿನವೂ ಕಾಯಬೇಕು. ಉದ್ದ ತೋಳಿನ ಅಂಗಿಯೇ ಚೆಂದ ಕಣೆ ನಿನಗೆ, ಎಂದು ಮೆಲ್ಲಗೆ ಹೇಳಿ ನೋಡಬೇಕು. ಅದಕ್ಕೂ ಮಗಳು ಕಾರಣ ಕೇಳುತ್ತಾಳೆ.

"ಏನೋ ಹಗ್ಗ, ಗಂಟು," ಎಂದಳು ಅವಳು. "ನನಗೆಲ್ಲಿ ಅರ್ಥವಾಗುತ್ತೆ?"

"ನಿನ್ನದೇನೂ ಹಾಕಿಸ್ಕೊಳ್ಳಲಿಲ್ವಾ? ಅಪ್ಪಂದು ಇದೆ, ಅಜ್ಜೀದು ಇದೆ."

"ಇಲ್ಲ."

"ಅಯ್ಯೋ ಪಾಪ," ಎಂದಳು ರೇಡಿಯೋ, ನಿಜವಾಗಿ ಮರುಗಿ.

ಆ ಮರುಕವನ್ನು ಅವಳು ತಲೆ ತಗ್ಗಿಸಿ ತೆಗೆದುಕೊಂಡಳು. ಇವಳಿಗೆ ಹೇಳುವುದಿಲ್ಲ, ಗಂಡನಿಗೂ ಅತ್ತೆಗೂ ಹೇಳುವುದಿಲ್ಲ, ಮಗಳಿಗಂತೂ ಇಲ್ಲ ಎಂದು ಅಲ್ಲೇ ತೀರ್ಮಾನಿಸಿಕೊಂಡಳು. ಆಮೇಲೆ ತೊಗಲಿನ ಒಳಮೈ ಮೇಲೆ ಸೊನ್ನೆ ಸುತ್ತಿ, ಎರಡು ಗೀಟು ಎಳೆದು, ಈ ಸಲ ಬಾಲವನ್ನು ಬಲಕ್ಕೆ ಮಡಿಸಿದಳು.